ಜೋಕಾಲಿಯಲ್ಲಿ ಕೂತ ಹಲ್ಲು

ಹುಳುಕು ತಿಂದು ಅರ್ಧ ಉಳಿದಿದ್ದ ಕೆಳದವಡೆಯ ಹಲ್ಲು ಕೀಳಿಸಲು ಹೋದಾಗ ಕುರ್ಚಿಯ ಕೈಗಳನ್ನು ಭದ್ರವಾಗಿ ಹಿಡಿದು, ಈಗ ಎಳೆಯುತ್ತಾರೆ, ಇನ್ನೇನು ಎಳೆಯುತ್ತಾರೆ ಎಂದು ಕಾದೆ. ವೈದ್ಯೆ ಎಳೆಯಲೇ ಇಲ್ಲ. ಇಕ್ಕಳದಲ್ಲಿ ಹಲ್ಲನ್ನು ಹಿಡಿದು ಒಳಕ್ಕೆ ಒತ್ತಿದರು! ಆಮೇಲೆ ಕೆನ್ನೆಯ ಕಡೆ ವಾಲಿಸಿ ಹಾಗೇ ನಿಂತರು, ನಾಲಿಗೆಯ ಕಡೆ ವಾಲಿಸಿ ಮತ್ತೆ ನಿಂತರು. ತಲೆಬುರುಡೆಯ ತುಂಬ ಕರಕರ ಸದ್ದು. ಕೊನೆಗೆ ಹಲ್ಲು ತಟ್ಟೆಯಲ್ಲಿ ಟಣ್ಣೆಂದಿತು.

ಹಲ್ಲನ್ನು ಗೋಡೆಗೆ ಹೊಡೆದ ಮೊಳೆ ಎಂದುಕೊಂಡವರಿಗೆ ಈ ತಾಳ್ಮೆ ಅರ್ಥವಾಗುವುದಿಲ್ಲ. ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ಸಂದಿದೆ. ಅದರ ತುಂಬ ಕೊಲಾಜನ್ ಎಂಬ ಪ್ರೋಟೀನಿನ ನಾರು. ಒಂದು ತುದಿ ಬೇರಿನಲ್ಲಿ ಹೂತಿದೆ, ಇನ್ನೊಂದು ಮೂಳೆಯಲ್ಲಿ. ಹೆಚ್ಚಿನವು ಮೂಳೆಯಿಂದ ಬೇರಿನತ್ತ ಓರೆಯಾಗಿ ಇಳಿಯುತ್ತವೆ. ಅಂದರೆ ಹಲ್ಲು ಜೋಕಾಲಿಯಲ್ಲಿ ತೂಗುತ್ತಿದೆ. ಜೋಕಾಲಿ ಎಂದರೂ ಸಾಲದು. ನಾರುಗಳ ಸುತ್ತ ದ್ರವವಿರುವುದರಿಂದ ಅದು ಬೈಕಿನ ಶಾಕ್ ಅಬ್ಸಾರ್ಬರ್ ಕೂಡ. ನರದ ತುದಿಗಳೂ ಇರುವುದರಿಂದ ಸೂಕ್ಷ್ಮ ತಕ್ಕಡಿ ಕೂಡ. ತುತ್ತಿನಲ್ಲಿ ಮರಳಿನ ಕಣ ಸಿಕ್ಕರೆ ಮೊದಲು ಕೂಗುವುದು ಅದೇ.

ಇಂಥ ಹಲ್ಲನ್ನು ಒಮ್ಮೆಲೇ ಜಗ್ಗಿದರೆ ಹುಳುಕಿನಿಂದ ಟೊಳ್ಳಾದ ತಲೆ ಮುರಿದು ಕೈಗೆ ಬರುತ್ತದೆ, ಬೇರು ಒಳಗೇ ಕೂರುತ್ತದೆ. ನೆಲದಲ್ಲಿ ಹೂತ ಗೂಟವನ್ನು ಕೀಳುವವರು ಮೊದಲು ಅತ್ತಿತ್ತ ಅಲ್ಲಾಡಿಸುತ್ತಾರಲ್ಲ, ಇಲ್ಲೂ ಅದೇ ಲೆಕ್ಕ. ಜೀವಂತ ಮೂಳೆ ತುಸು ಬಾಗುತ್ತದೆ. ವಾಲಿಸಿ ಹಿಡಿದಷ್ಟು ಹೊತ್ತು ಗುಣಿ ಹಿಗ್ಗುತ್ತದೆ, ನಾರು ಒಂದೊಂದಾಗಿ ಹರಿಯುತ್ತದೆ. 18ನೇ ಶತಮಾನದವರು ಬಾಗಿಲ ಬೀಗದ ಕೈಯಂಥ ಸಾಧನವನ್ನು ಹಲ್ಲಿಗೆ ಸಿಕ್ಕಿಸಿ ತಿರುಗಿಸುತ್ತಿದ್ದರು. ಎಷ್ಟೋ ಸಲ ಹಲ್ಲಿನ ಜೊತೆ ದವಡೆಯೂ ಮುರಿಯುತ್ತಿತ್ತು.

ನೋವಿನ ಕಥೆ ಬೇರೆ. 1844ರ ಡಿಸೆಂಬರ್ 11ರಂದು ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ದಂತವೈದ್ಯ ಹೊರೇಸ್ ವೆಲ್ಸ್ ನೋವು ಮರೆಸುವ ನಗೆ ಅನಿಲ (ನೈಟ್ರಸ್ ಆಕ್ಸೈಡ್) ಸೇದಿ ತನ್ನದೇ ಹಲ್ಲು ಕೀಳಿಸಿಕೊಂಡ. ಕಿತ್ತವನು ಸಹೋದ್ಯೋಗಿ ಜಾನ್ ರಿಗ್ಸ್. ಮುಂದೆ ಇದೇ ನಾರುಗಳನ್ನು ತಿಂದುಹಾಕುವ ಒಸಡಿನ ರೋಗವನ್ನು ಜನ 'ರಿಗ್ಸ್ ಕಾಯಿಲೆ' ಎಂದೇ ಕರೆದರು! ಈಗಿನ ಅರಿವಳಿಕೆ ಚುಚ್ಚುಮದ್ದು ನರದಲ್ಲಿ ಸಂಕೇತ ಸಾಗಲು ಬೇಕಾದ ಸೋಡಿಯಂ ಬಾಗಿಲುಗಳನ್ನು ಮುಚ್ಚುತ್ತದೆ. ನೋವು ಸಾಗಿಸುವ ಸಣ್ಣ ನರತಂತುಗಳು ಬೇಗ ಸುಮ್ಮನಾಗುತ್ತವೆ, ಒತ್ತಡ ತಿಳಿಸುವ ದಪ್ಪನೆಯವು ಅಷ್ಟು ಸುಲಭಕ್ಕೆ ಮಣಿಯುವುದಿಲ್ಲ. ನೋವಿಲ್ಲದೆಯೂ ನೂಕಿದ್ದು ಗೊತ್ತಾಗುವುದು ಅದಕ್ಕೇ.

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದಂತೆ! ಈ 'ಅಂತೆ' ಕೇಳಿ ಕೇಳಿ ಸಾಕಾಗಿದೆ. ಮಿದುಳಿನಿಂದ ನೇರ ಹೊರಡುವ ಕಪಾಲ ನರಗಳಲ್ಲಿ ನೋಟ ಸಾಗುವುದು ಎರಡನೆಯದರಲ್ಲಿ, ಹಲ್ಲಿನ ನೋವು ಐದನೆಯದರಲ್ಲಿ. ಅಪರೂಪಕ್ಕೆ ಕಣ್ಣಿಗೆ ಕಂಟಕ ಬಂದರೆ ಅದು ಹೆಚ್ಚಾಗಿ ಹೆದರಿ ಕೀಳಿಸದೆ ಬಿಟ್ಟ ಹಲ್ಲಿನ ಕೀವು ಮೇಲಕ್ಕೆ ಹರಡಿದಾಗ.

ಹತ್ತಿಬಟ್ಟೆ ಕಚ್ಚಿ ಕೂತಿದ್ದಾಗ ಹಲ್ಲು ತೋರಿಸಿ ಎಂದು ಸನ್ನೆ ಮಾಡಿದೆ. ಗುಣಿಯಲ್ಲಿ ಕಟ್ಟುವ ರಕ್ತದ ಹೆಪ್ಪೇ ಮುಂದೆ ಬರುವ ಹೊಸ ಮೂಳೆಗೆ ಬುನಾದಿ, ನಾಲಿಗೆಯಿಂದ ಕೆದಕಬೇಡಿ, ಸಿಗರೇಟು ಮುಟ್ಟಬೇಡಿ ಎನ್ನುತ್ತಲೇ ವೈದ್ಯೆ ತಟ್ಟೆಯನ್ನು ದೀಪದ ಕೆಳಗೆ ಹಿಡಿದರು. ಹಳದಿ ಬೇರಿನ ಮೇಲೆ ಕೆಂಪಗೆ ಚಿಂದಿ ಅಂಟಿತ್ತು. ಹರಿದ ಜೋಕಾಲಿಯ ಹಗ್ಗ.