ಸಮುದ್ರ ದೂರ, ಕೋಡಿ ಹತ್ತಿರ

ಗೆಳೆಯನಿಗೆ ಸೈಟು ನೋಡಲು ಚಿಕ್ಕಬಳ್ಳಾಪುರದ ಹೊರಗಿನ ಒಂದು ಹೊಸ ಲೇಔಟ್‌ಗೆ ಹೋಗಿದ್ದೆವು. ಸುತ್ತಲೂ ಒಣಗಿದ ಕೆಂಪು ಮಣ್ಣು. ಒಂದು ಮೂಲೆಯಲ್ಲಿ ಮಾತ್ರ ಸೊಂಟದೆತ್ತರ ಜೊಂಡು, ಏಪ್ರಿಲ್‌ನಲ್ಲೂ ಹಸಿರು. ಹಸು ಮೇಯಿಸುತ್ತಿದ್ದ ಅಜ್ಜ ಕೋಲು ಚಾಚಿ ತೋರಿಸಿದರು. "ಅದು ಕಾಲುವೆ ಜಾಗ ಕಣಪ್ಪ. ಮೇಲಿನ ಕೆರೆ ಕೋಡಿ ಹೋದ್ರೆ ನೀರು ಇಲ್ಲೇ ಬರ್ತಿತ್ತು."

ಸಮುದ್ರ ಏರುತ್ತಿದೆ ಅಂದರೆ ನಮಗೆ ಮುಂಬೈ, ಚೆನ್ನೈ ನೆನಪಾಗುತ್ತವೆ. 1901ರಿಂದ 2018ರವರೆಗೆ ಜಗತ್ತಿನ ಸಮುದ್ರಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ. ಹತ್ತಿರ ಹತ್ತಿರ ಒಂದು ಗೇಣು. ನಾವಿರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ನಮಗೇನು, ಅಲ್ವಾ?

ಆ ಗೇಣು ಏರಿದ್ದಕ್ಕೆ ಒಂದು ಕಾರಣ ಹಿಮ ಕರಗಿದ್ದು. ಇನ್ನೊಂದು ಕಾರಣ, ಕಡಲ ನೀರೇ ಬಿಸಿಯಾಗಿ ಹಿಗ್ಗಿದ್ದು. ಭೂಮಿಯಲ್ಲಿ ಹೆಚ್ಚುವರಿಯಾಗಿ ಉಳಿದ ಶಾಖದಲ್ಲಿ ಶೇ 90ರಷ್ಟನ್ನು ಸಮುದ್ರವೇ ನುಂಗಿದೆ. ನೀರು ನಮ್ಮ ಘಟ್ಟ ಹತ್ತುವುದಿಲ್ಲ, ಆದರೆ ಆ ಬಿಸಿ ಮೋಡವಾಗಿ ಹತ್ತುತ್ತದೆ. ಬಿಸಿ ಕಡಲಿನಿಂದ ಆವಿ ಜಾಸ್ತಿ ಏಳುತ್ತದೆ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು. ಹಾಗಾಗಿ ಜೋರು ಮಳೆ ಇನ್ನೂ ಜೋರಾಗುತ್ತಿದೆ.

2021ರ ನವೆಂಬರ್ ನಮ್ಮ ಜಿಲ್ಲೆಯವರಿಗೆ ನೆನಪಿದೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ 19ರಂದು ಚೆನ್ನೈ ಮತ್ತು ಪುದುಚೇರಿ ನಡುವೆ ದಡ ದಾಟಿತು. ಇಲ್ಲಿ ಕಂದವಾರ ಕೆರೆ ಕೋಡಿ ಹೋಗಿ ಊರೊಳಗೆ ನೀರು ನುಗ್ಗಿತು. ಆ ಒಂದು ಮಳೆಯನ್ನು ಪೂರ್ತಿ ಹವಾಮಾನ ಬದಲಾವಣೆಯ ತಲೆಗೆ ಕಟ್ಟಲಾಗದು. ನೀರು ಹೋಗುವ ದಾರಿ ಮುಚ್ಚುವುದು ಮಾತ್ರ ನಮ್ಮದೇ ಕೆಲಸ.

ಒಂದು ಲೆಕ್ಕ ನೋಡಿ. 30x40 ಸೈಟಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 11 ಸಾವಿರ ಲೀಟರ್ ನೀರು. ಬೇಸಿಗೆಯಲ್ಲಿ ಕಾಸು ಕೊಟ್ಟು ತರಿಸುವ ಟ್ಯಾಂಕರ್‌ಗಳಲ್ಲಿ ಎರಡರಷ್ಟು! ರಾಗಿ ಹೊಲವಾಗಿದ್ದರೆ ಮಣ್ಣು ಅದರಲ್ಲಿ ಒಂದಷ್ಟು ಕುಡಿಯುತ್ತಿತ್ತು. ಆರ್‌ಸಿಸಿ ಮತ್ತು ಟಾರು ಹನಿಯನ್ನೂ ಕುಡಿಯುವುದಿಲ್ಲ. 100 ಸೈಟಿನ ಲೇಔಟ್ ಆದರೆ, ರಸ್ತೆ ಬಿಟ್ಟೂ, 11 ಲಕ್ಷ ಲೀಟರ್ ಒಂದೇ ಸಲ ದಾರಿ ಹುಡುಕುತ್ತದೆ.

ಆ ದಾರಿಯನ್ನು ನಮ್ಮ ಹಿರಿಯರು ಮೊದಲೇ ಮಾಡಿಟ್ಟಿದ್ದರು. ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ, ಇರುವುದು ಕೆರೆಗಳ ಸಾಲು. ಮೇಲಿನ ಕೆರೆ ತುಂಬಿದರೆ ಕೋಡಿ, ಕೋಡಿಯಿಂದ ಕಾಲುವೆ, ಕಾಲುವೆಯಿಂದ ಕೆಳಗಿನ ಕೆರೆ. ನಡುವೆ ಒಂದೇ ಕಡೆ ಮಣ್ಣು ಹೊಡೆದರೂ ಸಾಕು, ಮೇಲೆ ಮನೆಗಳು ಮುಳುಗುತ್ತವೆ, ಕೆಳಗೆ ಕೆರೆ ಬತ್ತುತ್ತದೆ, ಬೋರ್‌ವೆಲ್ ಕೂಡ ಬತ್ತುತ್ತದೆ. ಜೋರು ಮಳೆಯ ಕಾಲಕ್ಕೆ ಆ ಕಾಲುವೆಗಳು ಮೊದಲಿಗಿಂತ ಅಗಲ ಆಗಬೇಕು. ಆಗುತ್ತಿರುವುದು ಪೈಪು.

ಗೆಳೆಯ ಗ್ರಾಮ ನಕ್ಷೆ ತೆಗೆಸಿದ. ಜೊಂಡು ಇದ್ದ ಕಡೆ ಎರಡು ಗೆರೆ, ನೇರ ಕೆಳಗಿನ ಕೆರೆಗೆ. ಲೇಔಟ್ ನಕ್ಷೆಯಲ್ಲಿ ಅದೇ ಜಾಗಕ್ಕೆ ನಾಲ್ಕು ಸೈಟ್ ನಂಬರ್ ಹಾಕಿತ್ತು.