ಫೀಸಿನ ಜಗಳ ಜಗತ್ ಸರ್ಕಲ್ಲಿಗೆ ಬಂದ ದಾರಿ

ಕಲಬುರಗಿಯಲ್ಲಿ ಫೀಸು ಏರಿಕೆ ವಿರುದ್ಧ ವಿದ್ಯಾರ್ಥಿಗಳು ಮೆರವಣಿಗೆ ಹೊರಟ ದಿನ ಊರಿನ ಬಾಯಲ್ಲಿ ಎರಡು ಮಾತು ಒಟ್ಟೊಟ್ಟಿಗೇ ಬರುತ್ತವೆ. ‘ಹುಡುಗೂರು ಕೇಳಾದು ಖರೇನೇ ಅದಾರಿ’ ಎಂಬುದು ಒಂದು. ‘ಆದ್ರ ರಸ್ತಾ ಯಾಕ್ ಬಂದ್ ಮಾಡ್ತಾರ?’ ಎಂಬುದು ಇನ್ನೊಂದು. ಇವನ್ನು ಆಡುವವರು ಬೇರೆ ಬೇರೆ ಜನ ಅಲ್ಲ. ಜಗತ್ ಸರ್ಕಲ್ಲಿನಲ್ಲಿ ಸಿಕ್ಕಿಬಿದ್ದ ಆಟೊದವನೇ ಎರಡನ್ನೂ ಆಡುತ್ತಾನೆ. ಮಗಳ ಪರೀಕ್ಷಾ ಶುಲ್ಕಕ್ಕೆ ಹೋದ ವಾರವಷ್ಟೇ ಕೈಗಡ ಮಾಡಿದವನೂ ಅವನೇ ಇರಬಹುದು. ಜನಾಭಿಪ್ರಾಯವನ್ನು ಪರ, ವಿರೋಧ ಎಂದು ಎರಡು ಪಾಲು ಮಾಡಿ ಬರೆಯುವವರ ಲೆಕ್ಕಕ್ಕೆ ಇವನು ಸಿಗುವುದಿಲ್ಲ. ಅವನ ಆ ಎರಡು ಮಾತು ಎಲ್ಲಿಂದ ಬಂದವು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಿಜಾಮನ ಕಾಲದಲ್ಲಿ ಇಲ್ಲಿಯವರಿಗೆ ಉನ್ನತ ಶಿಕ್ಷಣ ಎಂದರೆ 1918ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ, ಅದೂ ಉರ್ದು ಮಾಧ್ಯಮದಲ್ಲಿ. 1956ರ ಏಕೀಕರಣದ ನಂತರ ಇಲ್ಲಿನ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೈಗೆ ಬಂದವು. 1958ರಲ್ಲಿ ಮಹಾದೇವಪ್ಪ ರಾಂಪುರೆಯವರ ಮುಂದಾಳತ್ವದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿತು, ಎಂಜಿನಿಯರಿಂಗ್ ಕಾಲೇಜು ಬಂತು. 1970ರಲ್ಲಿ ಧಾರವಾಡದ ಸ್ನಾತಕೋತ್ತರ ಕೇಂದ್ರ, 1980ರಲ್ಲಿ ಸ್ವಂತ ಗುಲಬರ್ಗಾ ವಿಶ್ವವಿದ್ಯಾಲಯ. ಅಷ್ಟೂ ವರ್ಷ ಇಲ್ಲಿಯ ಬೇಡಿಕೆ ‘ನಮಗೊಂದು ಕಾಲೇಜು ಕೊಡಿ’ ಎಂಬುದಾಗಿತ್ತು. ಕಾಲೇಜೇ ಇಲ್ಲದ ಕಡೆ ಫೀಸಿನ ಜಗಳ ಹುಟ್ಟುವುದಾದರೂ ಹೇಗೆ?

ಜಗಳ ಹುಟ್ಟಿದ್ದು ಡೊನೇಷನ್ ಬಂದ ಮೇಲೆ. ಎಂಬತ್ತರ ದಶಕದಲ್ಲಿ ರಾಜ್ಯದ ತುಂಬ ಖಾಸಗಿ ವೃತ್ತಿ ಕಾಲೇಜುಗಳು ಎದ್ದವು. ಉತ್ತರ ಭಾರತದಿಂದ ಹುಡುಗರು ರೈಲು ಹತ್ತಿ ಬಂದರು, ದುಡ್ಡು ಕಟ್ಟಿದರು, ಸೀಟು ಪಡೆದರು. ಕ್ಯಾಪಿಟೇಷನ್ ಶುಲ್ಕ, ಎಂದರೆ ಸೀಟಿಗಾಗಿ ಪಡೆಯುವ ಈ ಡೊನೇಷನ್, ನಿಷೇಧಿಸಿ 1984ರಲ್ಲಿ ಕರ್ನಾಟಕ ಕಾಯ್ದೆಯನ್ನೇ ತಂದಿತು. ಅದರ ಅಡಿಯಲ್ಲಿ 1989ರ ಜೂನಿನಲ್ಲಿ ಸರ್ಕಾರ ಹೊರಡಿಸಿದ ಅಧಿಸೂಚನೆ ನೋಡಿದರೆ ಆ ಕಾಲದ ಚಿತ್ರ ಸಿಗುತ್ತದೆ: ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಇತರ ವಿದ್ಯಾರ್ಥಿಗೆ 25,000ದವರೆಗೆ, ಹೊರರಾಜ್ಯದವರಿಗೆ 60,000ದವರೆಗೆ. ಈ ಅಧಿಸೂಚನೆಯೇ ಮೋಹಿನಿ ಜೈನ್ ಪ್ರಕರಣವಾಗಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಕ್ಯಾಪಿಟೇಷನ್ ಶುಲ್ಕ ಸಂವಿಧಾನಕ್ಕೆ ವಿರುದ್ಧ ಎಂದು 1992ರಲ್ಲಿ ನ್ಯಾಯಾಲಯ ಹೇಳಿತು. ಮರುವರ್ಷ ಖಾಸಗಿ ಕಾಲೇಜಿನ ಅರ್ಧ ಸೀಟುಗಳನ್ನು ಸರ್ಕಾರಿ ಶುಲ್ಕಕ್ಕೆ ಪ್ರತಿಭೆಯ ಮೇಲೆ ಕೊಡಿಸಿದ ಉನ್ನಿಕೃಷ್ಣನ್ ತೀರ್ಪು, 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ಸಿಇಟಿ. ಕಲಬುರಗಿಯ ಗುಮಾಸ್ತನ ಮಗ ದುಡ್ಡಿಲ್ಲದೆಯೂ ಎಂಜಿನಿಯರ್ ಆಗಬಹುದು ಎಂಬ ನಂಬಿಕೆ ಹುಟ್ಟಿದ್ದು ಆಗ. 2002ರಲ್ಲಿ ಸುಪ್ರೀಂ ಕೋರ್ಟಿನದೇ ಟಿಎಂಎ ಪೈ ತೀರ್ಪು ಶುಲ್ಕ ನಿಗದಿಯ ಸ್ವಾತಂತ್ರ್ಯವನ್ನು ಮತ್ತೆ ಆಡಳಿತ ಮಂಡಳಿಗಳತ್ತ ವಾಲಿಸಿತು. ಲಾಭಕೋರತನ ಕೂಡದು ಎಂಬ ಷರತ್ತೂ ಜತೆಗಿತ್ತು. ಆ ಷರತ್ತು ಎಷ್ಟು ನಡೆದಿದೆ ಎಂದು ಪಾಲಕರನ್ನೇ ಕೇಳಬೇಕು.

ಇದೇ ಹೊತ್ತಿನಲ್ಲಿ ಇನ್ನೊಂದು ಬಾಗಿಲು ಸದ್ದಿಲ್ಲದೆ ಮುಚ್ಚಿತು. ಈ ಲೇಖನದ ಮಟ್ಟಿಗೆ ಅದೇ ದೊಡ್ಡ ಸಂಗತಿ ಎಂದು ನನಗೆ ಅನ್ನಿಸುತ್ತದೆ. ನಮ್ಮ ಚಿಂಚೋಳಿಯ ವೀರೇಂದ್ರ ಪಾಟೀಲರು 1989ರ ಕೊನೆಯಲ್ಲಿ ಎರಡನೇ ಸಲ ಮುಖ್ಯಮಂತ್ರಿಯಾದರು. ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತದ್ದು ಅವರ ಸರ್ಕಾರದ ಕಾಲದಲ್ಲಿ. ಚುನಾವಣೆಯ ಹೆಸರಲ್ಲಿ ಹೊಡೆದಾಟ, ಚಾಕು, ಪಕ್ಷಗಳ ದುಡ್ಡು ನುಗ್ಗಿದ್ದು ಸುಳ್ಳಲ್ಲ. ಅಪ್ಪ–ಅಮ್ಮಂದಿರು ಅವತ್ತು ನಿಟ್ಟುಸಿರು ಬಿಟ್ಟದ್ದೂ ಸಹಜವೇ. ಆದರೆ ಶುಲ್ಕ ತೀರ್ಮಾನವಾಗುವ ಸಿಂಡಿಕೇಟ್ (ವಿಶ್ವವಿದ್ಯಾಲಯದ ಆಡಳಿತ ಮಂಡಳಿ) ಸಭೆಗೆ ‘ನಾವು ಇಷ್ಟು ವಿದ್ಯಾರ್ಥಿಗಳ ಪರವಾಗಿ ಬಂದಿದ್ದೇವೆ’ ಎಂದು ಅಹವಾಲು ಒಯ್ಯುವ ಚುನಾಯಿತ ಪ್ರತಿನಿಧಿ ಅಂದಿನಿಂದ ಇಲ್ಲವಾದ. ಉಳಿದದ್ದು ವಿದ್ಯಾರ್ಥಿ ಸಂಘಟನೆಗಳಾದ ಎಸ್‌ಎಫ್‌ಐ, ಎಬಿವಿಪಿ, ಎಐಡಿಎಸ್‌ಒ, ಎನ್‌ಎಸ್‌ಯುಐ. ಇವುಗಳ ಹಿಂದೆ ಒಂದೊಂದು ಪಕ್ಷದ ಅಥವಾ ಸಿದ್ಧಾಂತದ ನೆರಳು ಇದ್ದೇ ಇದೆ ಎಂಬುದು ಊರಿಗೆಲ್ಲ ಗೊತ್ತು. ಹೀಗಾಗಿ ಬೇಡಿಕೆ ನ್ಯಾಯವಾದದ್ದಾದರೂ ‘ಇವ್ರ್ ಹಿಂದ ಯಾರದಾರ?’ ಎಂಬ ಅನುಮಾನ ಮೊದಲು ಬರುತ್ತದೆ. ಮನವಿ ಪತ್ರ ಹಿಡಿದು ಜಿಲ್ಲಾಧಿಕಾರಿ ಕಚೇರಿಗೆ ಹೋಗುವುದು, ಪತ್ರಿಕೆಯವರು ಫೋಟೊ ತೆಗೆಯುವ ತನಕ ಸರ್ಕಲ್ಲಿನಲ್ಲಿ ಕೂಡುವುದು, ಇವಷ್ಟೇ ದಾರಿಗಳಾದವು. ರಸ್ತೆ ಬಂದ್ ಆಗುವುದಕ್ಕೆ ಬೈಯುವ ನಾವು ಈ ಮುಚ್ಚಿದ ಬಾಗಿಲನ್ನು ಮರೆತಿದ್ದೇವೆ.

2002ರಲ್ಲಿ ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ನೇಮಿಸಿದ್ದ ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಅದರಲ್ಲಿ 21 ಗುಲಬರ್ಗಾ ವಿಭಾಗದವು. ಹತ್ತು ವರ್ಷದ ಹೋರಾಟದ ನಂತರ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ ವಿಧಿ 371 ಜೆ ಬಂತು. 2013ರಿಂದ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70 ಸೀಟು, ರಾಜ್ಯದ ಉಳಿದ ಕಡೆ ಶೇ 8. ಊರೂರಿನಲ್ಲಿ ಸಂಭ್ರಮವಾಯಿತು. ಆದರೆ 371 ಜೆ ಕೊಟ್ಟದ್ದು ಸೀಟನ್ನು. ಸೀಟಿನ ಫೀಸಿಗೂ ಅದಕ್ಕೂ ಸಂಬಂಧವಿಲ್ಲ. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಶುಲ್ಕ ಸರ್ಕಾರದ ಒಪ್ಪಿಗೆಯಿಂದಲೇ 2024ರಲ್ಲಿ ಶೇ 10, 2025ರಲ್ಲಿ ಶೇ 7.5 ಏರಿದಾಗ ಸುರಪುರದ ಹುಡುಗನಿಗೂ ಬೆಂಗಳೂರಿನ ಹುಡುಗನಿಗೂ ಅಷ್ಟೇ ಏರಿತು.

ಈಗ ವಿಶ್ವವಿದ್ಯಾಲಯದ ಕಡೆಯ ಲೆಕ್ಕ. ಗುಲಬರ್ಗಾ ವಿಶ್ವವಿದ್ಯಾಲಯದ ಕೈಯಲ್ಲಿ ಒಂದು ಕಾಲಕ್ಕೆ ಬೀದರ್‌ನಿಂದ ಬಳ್ಳಾರಿಯವರೆಗೆ ಕಾಲೇಜುಗಳಿದ್ದವು. 2010ರಲ್ಲಿ ಬಳ್ಳಾರಿ, ಕೊಪ್ಪಳ ಹೋದವು. ಆಮೇಲೆ ರಾಯಚೂರು, ಯಾದಗಿರಿ ಸೇರಿ ರಾಯಚೂರು ವಿಶ್ವವಿದ್ಯಾಲಯವಾಯಿತು. 2023ರಲ್ಲಿ ಬೀದರ್ ಬೇರೆಯಾಯಿತು. ಪ್ರತಿ ಸಲ ಒಂದು ಜಿಲ್ಲೆ ಹೋದಾಗ ಅದರ ಕಾಲೇಜುಗಳು ಕಟ್ಟುವ ಸಂಯೋಜನಾ ಶುಲ್ಕವೂ ಪರೀಕ್ಷಾ ಶುಲ್ಕವೂ ಹೋಗುತ್ತದೆ. ವಿಶ್ವವಿದ್ಯಾಲಯದ ಆವರಣವಾದ ಜ್ಞಾನಗಂಗೆಯ ಕಟ್ಟಡ, ಸಿಬ್ಬಂದಿ, ನಿವೃತ್ತರ ಪಿಂಚಣಿ ಮಾತ್ರ ಅಲ್ಲೇ ಉಳಿಯುತ್ತವೆ. ಪಾಲಾದ ಮನೆಯಲ್ಲಿ ಹಿರಿಯಣ್ಣನ ತಲೆ ಮೇಲೆ ಹಳೇ ಸಾಲ ಉಳಿದಂತೆ. ಹೊಸ ವಿಶ್ವವಿದ್ಯಾಲಯಗಳ ಗತಿಯೂ ಚೆನ್ನಾಗಿಲ್ಲ. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತಾಡಿತು, ಬೀದರ್ ಒಂದನ್ನು ಬಿಟ್ಟು. ಬೀದರ್ ಉಳಿದದ್ದಕ್ಕೆ ಹೇಳಿದ ಕಾರಣ ಅದರ ಅಡಿಯಲ್ಲಿ ಕಾಲೇಜುಗಳು ಹೆಚ್ಚಿವೆ ಎಂಬುದು. ಎಂದರೆ, ಶುಲ್ಕ ಕಟ್ಟುವ ವಿದ್ಯಾರ್ಥಿಗಳು ಹೆಚ್ಚಿದ್ದಾರೆ.

ಸರ್ಕಾರಿ ಪದವಿ ಕಾಲೇಜಿನ ಚಲನ್ ಒಂದನ್ನು ಕೈಗೆತ್ತಿಕೊಂಡು ಓದಿ. ಬೋಧನಾ ಶುಲ್ಕ ಒಂದು ಸಾಲು. ಹೆಣ್ಣುಮಕ್ಕಳಿಗೆ ಅದು ಮಾಫಿ. ಅದರ ಕೆಳಗೆ ಪ್ರಯೋಗಾಲಯ, ಗ್ರಂಥಾಲಯ, ಕ್ರೀಡೆ, ವಿದ್ಯಾರ್ಥಿ ಕ್ಷೇಮನಿಧಿ, ಶಿಕ್ಷಕರ ಕ್ಷೇಮನಿಧಿ, ಯೂತ್ ರೆಡ್‌ಕ್ರಾಸ್, ಎನ್‌ಎಸ್‌ಎಸ್. ಅದು ಮುಗಿದರೆ ಆರು ತಿಂಗಳಿಗೊಮ್ಮೆ ಪರೀಕ್ಷಾ ಶುಲ್ಕ, ಅಂಕಪಟ್ಟಿ ಶುಲ್ಕ, ತಡವಾದರೆ ದಂಡ. ಪ್ರವೇಶ, ಪರೀಕ್ಷೆಗೆ ಅರ್ಜಿ ಹಾಕುವ ಸರ್ಕಾರದ ಯುಯುಸಿಎಂಎಸ್ ಪೋರ್ಟಲ್ ಬಂದ ಮೇಲೆ ಬಸ್ ಸ್ಟ್ಯಾಂಡ್ ಪಕ್ಕದ ಆನ್‌ಲೈನ್ ಸೆಂಟರಿನವನಿಗೆ ಅರ್ಜಿ ತುಂಬಿಸಿದ್ದಕ್ಕೆ ಬೇರೆ. ಫೀಸು ಏರಿಕೆ ಎಂದಾಗ ಪತ್ರಿಕೆಯಲ್ಲಿ ಸುದ್ದಿಯಾಗುವುದು ಮೇಲಿನ ಒಂದು ಸಾಲು. ಮನೆಯಲ್ಲಿ ಜಗಳವಾಗುವುದು ಕೆಳಗಿನ ಸಾಲುಗಳಿಂದ. ವಿದ್ಯಾರ್ಥಿವೇತನ ಬರುತ್ತದಲ್ಲ ಎನ್ನಬಹುದು. ಬರುತ್ತದೆ. ಫೀಸಿಗೆ ಕೊನೇ ದಿನಾಂಕ ಇರುತ್ತದೆ, ವಿದ್ಯಾರ್ಥಿವೇತನಕ್ಕೆ ಇರುವುದಿಲ್ಲ.

ಇನ್ನೊಂದು ಸಮಸ್ಯೆ ತಿಂಗಳುಗಳದ್ದು. ಪ್ರವೇಶ ಶುಲ್ಕ ಕಟ್ಟುವುದು ಮುಂಗಾರಿನಲ್ಲಿ, ತೊಗರಿ ಬಿತ್ತುವ ಹೊತ್ತಿಗೆ. ಬೀಜ, ಗೊಬ್ಬರ, ಗಳೇವು ಎಲ್ಲಕ್ಕೂ ದುಡ್ಡು ಹೊರಗೆ ಹೋಗುವ ಕಾಲ ಅದು. ತೊಗರಿ ಮಾರುಕಟ್ಟೆಗೆ ಬಂದು ಕೈಗೆ ಕಾಸು ಸೇರುವುದು ಡಿಸೆಂಬರ್–ಜನವರಿಗೆ. ಯಾದಗಿರಿ ಕಡೆಯ ಗುಳೆ ಹೋಗುವ ಕುಟುಂಬಗಳಿಗೆ ಲೆಕ್ಕ ಬೇರೆ: ಹಬ್ಬಕ್ಕೆ ಊರಿಗೆ ಬಂದಾಗ ದುಡ್ಡು ಇರುತ್ತದೆ, ಉಳಿದಾಗ ಬೆಂಗಳೂರು, ಪುಣೆಯಿಂದ ಫೋನ್‌ಪೇ ಬರಬೇಕು. ಐದು ನೂರು ರೂಪಾಯಿ ಏರಿಕೆ ಕುಲಸಚಿವರ ಕಡತದಲ್ಲಿ ಚಿಕ್ಕದಾಗಿ ಕಾಣುವುದು, ಜುಲೈ ತಿಂಗಳ ಮನೆಯಲ್ಲಿ ದೊಡ್ಡದಾಗುವುದು ಇದಕ್ಕೇ.

2019ರ ಕೊನೆಯಲ್ಲಿ ದೆಹಲಿಯ ಜೆಎನ್‌ಯುನಲ್ಲಿ ಒಬ್ಬರೇ ಇರುವ ಹಾಸ್ಟೆಲ್ ಕೋಣೆಯ ಬಾಡಿಗೆ ತಿಂಗಳಿಗೆ 20 ರೂಪಾಯಿಯಿಂದ 600ಕ್ಕೆ, ಇಬ್ಬರಿರುವ ಕೋಣೆಯದು 10ರಿಂದ 300ಕ್ಕೆ ಏರಿದಾಗ ‘ನಮ್ಮ ತೆರಿಗೆ ದುಡ್ಡಲ್ಲಿ ಫುಕ್ಕಟ್ ಓದ್ತಾರ’ ಎಂಬ ಮಾತು ದೇಶದ ವಾಟ್ಸ್‌ಆ್ಯಪ್ ತುಂಬ ಓಡಾಡಿತು. ಇಲ್ಲಿಗೂ ಬಂತು. ಆದರೆ ಇಲ್ಲಿ ಅದು ಗಟ್ಟಿಯಾಗಿ ಬೇರು ಬಿಟ್ಟಂತೆ ಕಾಣಲಿಲ್ಲ. ಈ ಭಾಗದಲ್ಲಿ ಮನೆಯಿಂದ ಮೊದಲ ಸಲ ಕಾಲೇಜು ಕಂಡವರೇ ಹೆಚ್ಚು. ಫುಕ್ಕಟ್ ಓದುವವನು ಎಲ್ಲೋ ದೂರದ ದೆಹಲಿಯವನಲ್ಲ, ತಮ್ಮ ಮನೆಯವನೇ. ಜತೆಗೆ ದಾಸೋಹದ ನೆಲ ಇದು. ಅನ್ನವನ್ನೂ ಅಕ್ಷರವನ್ನೂ ಮಾರಬಾರದು ಎಂಬ ನಂಬಿಕೆ ಮಠಗಳ ಹಳೆಯ ಉಚಿತ ಪ್ರಸಾದ ನಿಲಯಗಳಿಂದ ಬಂದದ್ದು. ಅದೇ ನಂಬಿಕೆಯ ಜನ ಖಾಸಗಿ ಕಾಲೇಜು, ನೀಟ್ ಕೋಚಿಂಗ್‌ಗೆ ಲಕ್ಷಗಟ್ಟಲೆ ಕಟ್ಟುವಾಗ ಬಾಯಿ ಬಿಡುವುದಿಲ್ಲ ಎಂಬುದು ಬೇರೆ ಮಾತು. ಅಲ್ಲಿ ಘೋಷಣೆ ಕೂಗಲು ಗೇಟಿನ ಒಳಗೆ ಬಿಡುವುದಿಲ್ಲ. ಹೊರಗೆ ಕೂಗಿದರೆ ಮಗನ ಟಿಸಿ ಕೈಗೆ ಬರುತ್ತದೆ ಎಂಬ ಭಯ. ಸರ್ಕಾರಿ ವಿಶ್ವವಿದ್ಯಾಲಯದ ಮುಂದೆ ಕೂಗಬಹುದು, ಕೂಗಿದರೆ ಕುಲಪತಿ ಹೊರಗೆ ಬಂದು ಮನವಿ ಪತ್ರವಾದರೂ ತೆಗೆದುಕೊಳ್ಳುತ್ತಾರೆ. ಆದ್ದರಿಂದ ನಮ್ಮಲ್ಲಿ ಎಲ್ಲಕ್ಕಿಂತ ಕಡಿಮೆ ಫೀಸಿನ ವಿರುದ್ಧವೇ ಎಲ್ಲಕ್ಕಿಂತ ಹೆಚ್ಚು ಹೋರಾಟ.

2025ರ ಕೊನೆಗೆ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಕಾಲೇಜು ಚುನಾವಣೆಯನ್ನು ಮತ್ತೆ ತರುವ ಮಾತೆತ್ತಿದರು. ಹೊಡೆದಾಟ ಕಂಡ ತಲೆಮಾರಿನ ಪಾಲಕರು ಈಗಲೇ ಬೇಡ ಎನ್ನುತ್ತಿದ್ದಾರೆ. ಅವರ ಭಯ ನನಗೂ ಅರ್ಥವಾಗುತ್ತದೆ. ಆದರೆ ಫೀಸು ಗೊತ್ತುಮಾಡುವ ಮೇಜಿನ ಸುತ್ತ ಕುಲಪತಿ, ಕುಲಸಚಿವರು, ಸರ್ಕಾರದ ನಾಮನಿರ್ದೇಶಿತರು ಕೂಡುತ್ತಾರೆ. ಫೀಸು ಕಟ್ಟುವವರ ಕಡೆಯಿಂದ ಒಂದು ಕುರ್ಚಿಯನ್ನಾದರೂ ಅಲ್ಲಿ ಹಾಕದ ಹೊರತು ಜಗತ್ ಸರ್ಕಲ್ಲಿನಲ್ಲಿ ಆಟೊ ನಿಲ್ಲುವುದು ತಪ್ಪುವುದಿಲ್ಲ.