ಡಲಸ್‌ನಲ್ಲಿ ಇಳಿದವರನ್ನು ಓಡಾಡುವ ಕೋಣೆಯಲ್ಲಿ ಯಾಕೆ ಕರೆದೊಯ್ಯುತ್ತಾರೆ?

ಪ್ರಶ್ನೆ: ವಾಷಿಂಗ್ಟನ್‌ನ ಡಲಸ್ ವಿಮಾನ ನಿಲ್ದಾಣದಲ್ಲಿ ವಿದೇಶದಿಂದ ಬಂದವರನ್ನು ಬಸ್ಸೂ ಅಲ್ಲದ, ಕೋಣೆಯೂ ಅಲ್ಲದ ಎತ್ತರದ ಗಾಡಿಗೆ ಹತ್ತಿಸಿ ಇಮಿಗ್ರೇಷನ್‌ಗೆ ಒಯ್ಯುತ್ತಾರಲ್ಲ, ಯಾಕೆ? ನಡೆದೇ ಹೋಗುವಂತೆ ಕಟ್ಟಬಹುದಿತ್ತಲ್ಲವೇ?

ಉತ್ತರ: ಜನ ನಡೆಯಲೇಬಾರದು ಎಂದೇ ಹಾಗೆ ಕಟ್ಟಿದ್ದು. ಆ ಗಾಡಿಯ ಹೆಸರು ಮೊಬೈಲ್ ಲೌಂಜ್. ಇಡೀ ನಿಲ್ದಾಣವನ್ನು ಅದರ ಸುತ್ತಲೇ ಯೋಚಿಸಿ ವಿನ್ಯಾಸ ಮಾಡಿದರು. (ಟೆಕ್ಸಸ್‌ನ ಡಾಲಸ್ ಬೇರೆ, ಇದು ವರ್ಜೀನಿಯಾದ ಡಲಸ್. ಟಿಕೆಟ್ ತೆಗೆಯುವಾಗ ಐಎಡಿ ಎಂಬ ಕೋಡ್ ನೋಡಿಕೊಳ್ಳಿ.)

ವಾಸ್ತುಶಿಲ್ಪಿ ಏರೊ ಸಾರಿನೆನ್, ಫಿನ್ಲೆಂಡಿನಲ್ಲಿ ಹುಟ್ಟಿದ ಅಮೆರಿಕನ್. 1950ರ ದಶಕದ ಕೊನೆಗೆ ಜೆಟ್ ವಿಮಾನಗಳು ಬಂದವು. ಅವುಗಳ ರೆಕ್ಕೆ ಅಗಲ, ಸದ್ದು ಜಾಸ್ತಿ, ನೆಲದ ಮೇಲೆ ಓಡಾಡುವಾಗಲೂ ಇಂಧನ ಕುಡಿಯುತ್ತವೆ. ಅಂಥ ವಿಮಾನಗಳನ್ನು ಸಾಲಾಗಿ ನಿಲ್ಲಿಸಲು ಟರ್ಮಿನಲ್‌ನಿಂದ ಬೆರಳುಗಳಂತೆ ಉದ್ದುದ್ದ ಕಾರಿಡಾರ್ ಚಾಚಬೇಕು. ವಿಮಾನ ಹೆಚ್ಚಿದಷ್ಟೂ ಕಾರಿಡಾರ್ ಉದ್ದವಾಗುತ್ತದೆ, ಪ್ರಯಾಣಿಕರ ಕಾಲು ಸೋಲುತ್ತದೆ. ಸಾರಿನೆನ್ ತಂಡ ವಿಮಾನ ನಿಲ್ದಾಣಗಳಿಗೆ ಹೋಗಿ, ಸ್ಟಾಪ್‌ವಾಚ್ ಹಿಡಿದು, ಜನ ಎಷ್ಟು ನಡೆಯುತ್ತಾರೆ, ಎಲ್ಲಿ ಕಾಯುತ್ತಾರೆ ಎಂದು ಅಳೆಯಿತು. ಆಮೇಲೆ ಬಂದ ತೀರ್ಮಾನ ಇದು: ವಿಮಾನ ಕಟ್ಟಡದ ಹತ್ತಿರ ಬರುವುದೇ ಬೇಡ, ದೂರದಲ್ಲೇ ನಿಲ್ಲಲಿ. ಕಾಯುವ ಕೋಣೆಯೇ ಅಲ್ಲಿಗೆ ಹೋಗಲಿ. ಈ ಯೋಚನೆಯನ್ನು ಏರ್‌ಲೈನ್‌ಗಳಿಗೆ ಒಪ್ಪಿಸಲು ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ವಿನ್ಯಾಸಕಾರ ದಂಪತಿಯಿಂದ 1958ರಲ್ಲಿ ಒಂದು ಪುಟ್ಟ ಅನಿಮೇಷನ್ ಚಿತ್ರವನ್ನೇ ಮಾಡಿಸಿದರು.

ಲೌಂಜ್ ಸುಮಾರು 54 ಅಡಿ ಉದ್ದ, 16 ಅಡಿ ಅಗಲ, 17 ಅಡಿಗೂ ಮಿಕ್ಕಿ ಎತ್ತರ. ಒಂದು ಸಲಕ್ಕೆ 102 ಜನ. ಎರಡೂ ತುದಿಯಲ್ಲಿ ಚಾಲಕನ ಕ್ಯಾಬಿನ್ ಇರುವುದರಿಂದ ತಿರುಗಿಸುವ ತಾಪತ್ರಯವಿಲ್ಲ. ಒಂದು ತುದಿ ಟರ್ಮಿನಲ್ ಬಾಗಿಲಿಗೆ ಅಂಟಿ ನಿಲ್ಲುತ್ತದೆ, ಇನ್ನೊಂದು ತುದಿಯ ರ‍್ಯಾಂಪ್ ವಿಮಾನದ ಬಾಗಿಲಿಗೆ ಹೊಂದಿಕೊಳ್ಳುತ್ತದೆ. ಮಳೆಯಿಲ್ಲ, ಮೆಟ್ಟಿಲಿಲ್ಲ. ಕಾರಿನಿಂದ ಇಳಿದವರು ಕಟ್ಟಡದ ಅಗಲದಷ್ಟು ನಡೆದರೆ ಸಾಕು. ಮುಂದೆ ಬಂದ ಪ್ಲೇನ್‌ಮೇಟ್ ಎಂಬ ಗಾಡಿಯಲ್ಲಿ ಕೋಣೆಯೇ ಲಿಫ್ಟ್‌ನಂತೆ ವಿಮಾನದ ಬಾಗಿಲ ಮಟ್ಟಕ್ಕೆ ಏರುತ್ತದೆ.

ವಿಮಾನಗಳ ಗಲಾಟೆ ದೂರವಾದ್ದರಿಂದ ಕಟ್ಟಡ ಒಂದೇ ಒಂದು ಹಜಾರವಾಗಿ ಉಳಿಯಿತು. ಅದರ ಚಾವಣಿಯ ಲೆಕ್ಕಾಚಾರ ಸೊಗಸಾದದ್ದು. ಮುಂದೆ ಸುಮಾರು 65 ಅಡಿಯ 16 ಕಾಂಕ್ರೀಟ್ ಕಂಬ, ಹಿಂದೆ 40 ಅಡಿಯ 16 ಕಂಬ, ಪಕ್ಕದ ಕಂಬಕ್ಕೆ 40 ಅಡಿ ಅಂತರ. ಎರಡು ಸಾಲುಗಳ ನಡುವೆ ಉಕ್ಕಿನ ಕೇಬಲ್‌ಗಳನ್ನು ಇಳಿಬಿಟ್ಟು, ಕೇಬಲ್‌ಗಳ ಮಧ್ಯೆ ಕಾಂಕ್ರೀಟ್ ಹಲಗೆಗಳನ್ನು ಕೂರಿಸಿದ್ದಾರೆ. ಬಟ್ಟೆ ಒಣಗಿಸುವ ಹಗ್ಗಕ್ಕೆ ಒದ್ದೆ ಜಮಖಾನ ಹಾಕಿ ನೋಡಿ, ಎರಡೂ ಗೂಟ ಒಳಕ್ಕೆ ವಾಲುತ್ತವೆ. ಇಲ್ಲಿ ಆ ಎಳೆತಕ್ಕೆ ಎದುರಾಗಿ ಕಂಬಗಳನ್ನು ಮೊದಲೇ ಹೊರಕ್ಕೆ ವಾಲಿಸಿ ಕಟ್ಟಲಾಗಿದೆ. ಒಳಗೆ ಚಾವಣಿಗೆ ಆಸರೆಯಾಗಿ ಒಂದು ಕಂಬವೂ ಬೇಕಾಗಲಿಲ್ಲ. ಅದೇ ವರಸೆಯನ್ನು ಎರಡೂ ತುದಿಗೆ ಮುಂದುವರಿಸಿ 1996ರಲ್ಲಿ 600 ಅಡಿಯ ಕಟ್ಟಡವನ್ನು 1,240 ಅಡಿಗೆ ಬೆಳೆಸಿದರು. ಎಲ್ಲಿ ಹಳೆಯದು ಮುಗಿದು ಹೊಸದು ಶುರುವಾಯಿತೆಂದು ಗುರುತಿಸುವುದು ಸುಲಭವಲ್ಲ.

1962ರ ನವೆಂಬರ್ 17ರಂದು ಅಧ್ಯಕ್ಷ ಕೆನಡಿ ಉದ್ಘಾಟಿಸಿದರು. ಸಾರಿನೆನ್ ಅದಕ್ಕೆ ಒಂದು ವರ್ಷ ಮೊದಲೇ, 1961ರಲ್ಲಿ, ತೀರಿಕೊಂಡಿದ್ದರು.

ಹಾಗಾದರೆ ಕೆಟ್ಟದ್ದೆಲ್ಲಿ? ಮೊದಲನೆಯದು, ಕಟ್ಟಡವನ್ನು ವಿಮಾನದ ಬಾಗಿಲಿಗೆ ಜೋಡಿಸುವ ಏರೋಬ್ರಿಜ್ ಆಗಲೇ ಅಮೆರಿಕದಲ್ಲಿ ಬಳಕೆಗೆ ಬಂದಿತ್ತು. ಅದರಲ್ಲಿ ತಡವಾಗಿ ಬಂದ ಒಬ್ಬರಿಗಾಗಿ ಉಳಿದವರು ನಿಂತು ಕಾಯಬೇಕಿಲ್ಲ. ಲೌಂಜ್ ತುಂಬಿದ ಮೇಲೇ ಹೊರಡಬೇಕು, ಅದಕ್ಕೊಬ್ಬ ಚಾಲಕ ಬೇಕು, ಇಂಧನ ಬೇಕು, ರಿಪೇರಿ ಬೇಕು. ಎರಡನೆಯದು, 1970ರಲ್ಲಿ ಬಂದ ಬೋಯಿಂಗ್ 747 ಎಂಬ ದೈತ್ಯ ವಿಮಾನ. ಅದರಲ್ಲಿ ಸುಮಾರು 350 ಜನ. ಒಂದು ವಿಮಾನಕ್ಕೇ ನಾಲ್ಕು ಲೌಂಜ್ ಬೇಕಾಯಿತು.

ಮೂರನೆಯದೇ ನಿಜವಾದ ಪೆಟ್ಟು. ಕಾರಿನಿಂದ ವಿಮಾನಕ್ಕೆ ಹೋಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಸಾರಿನೆನ್ ಅಳತೆ ಹಾಕಿದ್ದರು. 1978ರಲ್ಲಿ ಅಮೆರಿಕದ ವಿಮಾನಯಾನದ ಮೇಲಿನ ಸರ್ಕಾರಿ ನಿಯಂತ್ರಣ ಸಡಿಲವಾದ ಮೇಲೆ ಏರ್‌ಲೈನ್‌ಗಳು ಹಬ್ ಪದ್ಧತಿಗೆ ಹೊರಳಿದವು: ಒಂದು ವಿಮಾನ ಇಳಿದು ಇನ್ನೊಂದನ್ನು ಹತ್ತುವುದು. ಅಂಥವರಿಗೆ ಮುಖ್ಯ ಕಟ್ಟಡ ಸುತ್ತುದಾರಿ. ಆದ್ದರಿಂದ 1980ರ ದಶಕದಲ್ಲಿ ವಿಮಾನಗಳು ನಿಲ್ಲುವ ಮೈದಾನದ ನಡುವೆಯೇ ಗೇಟುಗಳಿರುವ ಕಟ್ಟಡ ಎದ್ದಿತು. ತಾತ್ಕಾಲಿಕ ಅಂದಿದ್ದರು, ಇನ್ನೂ ಬಳಕೆಯಲ್ಲಿದೆ. ಲೌಂಜ್ ಆಗ ಕಟ್ಟಡದಿಂದ ಕಟ್ಟಡಕ್ಕೆ ಜನ ಸಾಗಿಸುವ ಬಸ್ಸಾಯಿತು. ಗೇಟಿಗೆ ನಡೆದು, ಲೌಂಜ್ ಹತ್ತಿ, ಮತ್ತೆ ನಡೆಯುವ ಈ ಕಿರಿಕಿರಿ ಸಾರಿನೆನ್ ಯೋಜನೆಯದಲ್ಲ, ಅದರ ಮೇಲೆ ಹಾಕಿದ ತೇಪೆಯದು.

2010ರ ಜನವರಿಯಿಂದ ಕಟ್ಟಡಗಳ ನಡುವೆ ಏರೋಟ್ರೇನ್ ಎಂಬ ನೆಲದಡಿಯ ರೈಲು ಓಡುತ್ತಿದೆ. ಅದರಲ್ಲೂ ಒಂದು ತಮಾಷೆ: ಸಿ ಕಾನ್‌ಕೋರ್ಸ್‌ನ (ಸಿ ಗೇಟುಗಳಿರುವ ಕಟ್ಟಡದ) ಸ್ಟೇಷನ್ ಕಟ್ಟಿದ್ದು ಈಗಿನ ಕಟ್ಟಡದ ಕೆಳಗಲ್ಲ, ಮುಂದೆಂದೋ ಬರಬೇಕಾದ ಕಟ್ಟಡದ ಜಾಗದಲ್ಲಿ. ಅಲ್ಲಿಂದ ಸುರಂಗದಲ್ಲಿ ಸಾಕಷ್ಟು ನಡೆಯಬೇಕು. ಬೇರೆ ವಿಮಾನ ಹಿಡಿಯುವವರು ಇದಕ್ಕೆ ಹತ್ತು ನಿಮಿಷ ಎತ್ತಿಡುವುದು ಒಳ್ಳೆಯದು. ರೈಲು ಎಲ್ಲ ಕಡೆ ಹೋಗದ ಕಾರಣ ಲೌಂಜ್‌ಗಳು ಪೂರ್ತಿ ನಿವೃತ್ತಿಯಾಗಲಿಲ್ಲ. ಇಮಿಗ್ರೇಷನ್‌ಗೆ ಒಯ್ಯುವ ಕೆಲಸ ಅವುಗಳಿಗೇ ಉಳಿಯಿತು.

ಇಷ್ಟೆಲ್ಲ ಹೇಳಿ ರಸ್ತೆಯ ವಿಷಯ ಬಿಟ್ಟರೆ ಅನ್ಯಾಯ. ಊರಿನಿಂದ ಸುಮಾರು 42 ಕಿಲೋಮೀಟರ್ ದೂರದ ಈ ನಿಲ್ದಾಣಕ್ಕೆಂದೇ ಒಂದು ಹೆದ್ದಾರಿ ಕಟ್ಟಿ, ಅದರ ನಡುವೆ ಮುಂದೆ ರೈಲು ಬರಲೆಂದು ಜಾಗ ಖಾಲಿ ಬಿಟ್ಟಿದ್ದರು. ದಶಕಗಟ್ಟಲೆ ಅಲ್ಲಿ ಹುಲ್ಲು ಬೆಳೆಯಿತು. ಕೊನೆಗೆ ಮೆಟ್ರೋದ ಸಿಲ್ವರ್ ಲೈನ್ ಆ ಪಟ್ಟಿಯಲ್ಲೇ ಹಾದು, 2014ರಲ್ಲಿ ರೆಸ್ಟನ್‌ವರೆಗೆ, 2022ರ ನವೆಂಬರ್ 15ರಂದು ಡಲಸ್‌ಗೆ ತಲುಪಿತು. ಟರ್ಮಿನಲ್‌ನಿಂದ ಸ್ಟೇಷನ್‌ಗೆ ನೆಲದಡಿಯ ಕಾಲುದಾರಿಯಿದೆ, ಪೆಟ್ಟಿಗೆ ಎಳೆದುಕೊಂಡೇ ಹೋಗಬಹುದು. ವಾಷಿಂಗ್ಟನ್ ನಡುಭಾಗಕ್ಕೆ ಸುಮಾರು ಒಂದು ಗಂಟೆ.